ಸಮಾವರ್ತನದ ಅನಂತರ

ಗುರುಕುಲದಲ್ಲಿ ಅಧ್ಯಯನವನ್ನು ಮುಗಿಸಿದ ಬ್ರಹ್ಮಚಾರಿಯು ಸ್ನಾನಮಾಡಿ, ಮೇಖಲೆ ಅಜಿನಗಳನ್ನು ವಿಸರ್ಜಿಸಿ, ಗುರುದಕ್ಷಿಣೆಯನ್ನೊಪ್ಪಿಸಿ ಮನೆಗೆ ಹಿಂದಿರುಗುವ ಸಂಸ್ಕಾರಕ್ಕೆ ಸಮಾವರ್ತನವೆಂದು ಹೆಸರು. ಇದರೊಡನೆ ಓದಿನ ಕೆಲಸವು ಮುಗಿಯಿತೆಂದು ಸಾಮಾನ್ಯವಾಗಿ ತಿಳಿಯುವುದುಂಟು. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆಚಾರ್ಯನು ಹೊರಟುನಿಂತ ಶಿಷ್ಯನಿಗೆ ಮಾಡುವ ಉಪದೇಶವನ್ನು ನೋಡಿದವರಿಗೆ ಹಾಗೆ ತೋರಲಾರದು. ಸತ್ಯಧರ್ಮಗಳ ಮಾತಿನ ಜೊತೆಯಲ್ಲಿಯೇ ಸ್ವಾಧ್ಯಾಯ ಪ್ರವಚನಗಳನ್ನು ಕೈಬಿಡಕೂಡದೆಂಬ ಕಟ್ಟಳೆಯೂ ಅಲ್ಲಿ ಬಂದಿದೆ. ಓದು ಮುಗಿಯಿತೆಂದು ಬೀಳ್ಕೊಡುವ ಹೊತ್ತಿನಲ್ಲಿ ಓದನ್ನು ಬಿಡಬೇಡವೆನ್ನುವುದರ ತಾತ್ಪರ್ಯವೇನು? ಗುರುವಿನ ಮನೆಯಲ್ಲಿ ಓದುವವನಿಗೆ ಗುರುವಿನ ಕಣ್ಣು ಕಾವಲಿರುತ್ತದೆ. ತನ್ನ ಮನೆಯಲ್ಲಿ ಅಂಥ ಕಾವಲಿಲ್ಲ. ಆದಕಾರಣ ನಿಜವಾದ ಪರೀಕ್ಷೆಯು ಆರಂಭವಾಗುವುದು ಸಮಾವರ್ತನದ ಅನಂತರವೇ.

ಈ ಉಪದೇಶವು ಪುರುಷನನ್ನು ಕುರಿತದ್ದು. ಕಾಲೇಜಿನಿಂದ ಪದವಿಯನ್ನು ಪಡೆದು ಹೊರಬರುವ ಹೆಣ್ಣುಮಗಳ ವಿಷಯದಲ್ಲಿ ಪ್ರಶ್ನೆಯು ಬೇರೊಂದು ರೂಪವನ್ನು ತಾಳುತ್ತದೆ. ಗಣಿತದಲ್ಲಿ ಪದವೀಧರನಾದ ಹುಡುಗನು ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕುಳಿತು ಅಂಕಿಗಳನ್ನು ಕೂಡಿಸಿದರೂ ಅವನ ವಿದ್ಯೆ ವ್ಯರ್ಥವಾಯಿತೆಂದು ಯಾರೂ ಮರುಗುವುದಿಲ್ಲ. ಅದೇ ಪದವಿಯನ್ನು ಪಡೆದ ಹುಡುಗಿಯು ಮದುವೆಯಾಗಿ ಮನೆಯಲ್ಲಿ ನಿಂತಳೆಂದರೆ, ‘ಅಷ್ಟು ಓದಿ ಏನು ಬಂತು?’ ಎನ್ನುವವರು ಬೀದಿಗೆ ನಾಲ್ವರಿದ್ದಾರೆ. ಉದ್ಯೋಗಕ್ಕೆ ಹೊರಟಳೆಂದರೆ ಆ ನಾಲ್ವರೇ, ‘ಮನೆಯ ಗತಿಯೇನು?’ ಎಂದು ಕೇಳುತ್ತಾರೆ. ಎರಡು ಪ್ರಶ್ನೆಗಳೂ ಪರಸ್ಪರ ವಿರುದ್ಧವಾಗಿ ಕಂಡರೂ ಅವುಗಳ ಮೂಲವು ಒಂದೇ: ಹೆಣ್ಣಿನ ವಿದ್ಯೆಯು ಇನ್ನೊಬ್ಬರ ಪ್ರಯೋಜನಕ್ಕಾಗಿ ಇದೆಯೆಂಬ ನಂಬಿಕೆ.

ಮಂಗಳೂರಿನ ಬೆಂದೂರಿನಲ್ಲಿರುವ ಸಂತ ಆಗ್ನೆಸ್ ಕಾಲೇಜನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ೧೮೨೩ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬನ ಮಗಳಾಗಿ ಹುಟ್ಟಿ, ಮುಂದೆ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದ ಮದರ್ ವೆರೋನಿಕಾ ಎಂಬಾಕೆಯು ೧೮೬೮ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಎಂಬ ಸಂನ್ಯಾಸಿನೀಸಭೆಯನ್ನು ಸ್ಥಾಪಿಸಿದಳು. ೧೮೭೦ರಲ್ಲಿ ಆ ಸಭೆಯ ಸಹೋದರಿಯರು ಸಮುದ್ರವನ್ನು ದಾಟಿ ಮಂಗಳೂರಿಗೆ ಬಂದಿಳಿದರು. ಆ ಪ್ರಾಂತದ ಗಂಡುಮಕ್ಕಳಿಗೆ ಸಂತ ಅಲೋಶಿಯಸ್ ಕಾಲೇಜು ೧೮೮೦ರಲ್ಲಿಯೇ ಏರ್ಪಟ್ಟಿತು; ಹೆಣ್ಣುಮಕ್ಕಳು ೧೯೨೧ರ ವರೆಗೆ, ಎಂದರೆ ನಲವತ್ತೊಂದು ವರ್ಷ, ಕಾಯಬೇಕಾಯಿತು. ಆ ವರ್ಷ ಆರಂಭವಾದ ಸಂತ ಆಗ್ನೆಸ್ ದಕ್ಷಿಣ ಭಾರತದ ಮೊದಲನೆಯ ಕ್ಯಾಥೊಲಿಕ್ ಮಹಿಳಾ ಕಾಲೇಜು. ದಕ್ಷಿಣ ಕನ್ನಡವು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದುದರಿಂದ ಪರೀಕ್ಷೆಗಳು ಮದರಾಸು ವಿಶ್ವವಿದ್ಯಾನಿಲಯದವು.

ಈ ಕಾಲೇಜಿನಲ್ಲಿ ಪಾಠಹೇಳಿದ ಸಂನ್ಯಾಸಿನಿಯರ ಸ್ಥಿತಿಯು ವಿಚಾರಾರ್ಹವಾದುದು. ಅವರು ಅಪರಿಗ್ರಹದ ವ್ರತವನ್ನು ತೊಟ್ಟವರು. ದುಡಿದ ಸಂಬಳವು ಅವರದಲ್ಲ, ಸಭೆಯದು. ಅವರಿಗೆ ಮಗಳಿಲ್ಲ, ಸೊಸೆಯಿಲ್ಲ. ಇಂಥ ಗುರುವಿಗೆ ದಕ್ಷಿಣೆಯಾಗಿ ಕೊಡತಕ್ಕದ್ದೇನು? ಗೋವನ್ನೋ ಹಿರಣ್ಯವನ್ನೋ ಕೊಟ್ಟು ಋಣಮುಕ್ತಳಾಗುವ ದಾರಿಯೇ ಅಲ್ಲಿಂದ ಹೊರಟ ಹುಡುಗಿಗೆ ಇಲ್ಲ. ತೀರಿಸಲಾಗದ ಸಾಲವು ಹೆಗಲ ಮೇಲಿದೆಯೆಂಬ ಭಾವನೆಯಿಂದಲೇ ಅವಳ ಮುಂದಿನ ಬಾಳು ಆರಂಭವಾಗುತ್ತದೆ.

ಹೀಗೆ ಹೊರಟವರಲ್ಲಿ ಕೆಲವರು ತಾವೇ ವ್ರತವನ್ನು ಸ್ವೀಕರಿಸಿ ಗುರುಗಳ ಸಾಲಿನಲ್ಲಿ ನಿಂತರು. ಹಲವರು ಉಪಾಧ್ಯಾಯಿನಿಯರಾದರು. ಬಹುಮಂದಿ ಗೃಹಿಣಿಯರಾದರು. ಮೊದಲೆರಡು ದಾರಿಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಸ್ವಾಧ್ಯಾಯ ಪ್ರವಚನಗಳೆರಡೂ ಅವುಗಳಲ್ಲಿ ಅಡಕವಾಗಿವೆ. ಉನ್ನತವಾದ ಅಧಿಕಾರಸ್ಥಾನಗಳಿಗೇರಿದವರೂ ಇಲ್ಲದಿಲ್ಲ. ಬೆಂಗಳೂರಿನಲ್ಲಿ ೧೯೪೮ರಲ್ಲಿ ನೆಲೆಗೊಂಡ, ಇನ್ನೊಂದು ಸಂನ್ಯಾಸಿನೀಸಭೆಯ ಮೌಂಟ್ ಕಾರ್ಮೆಲ್ ಕಾಲೇಜಿನಿಂದ ೧೯೭೦ರಲ್ಲಿ ಪದವಿ ಪಡೆದ ನಿರುಪಮಾ ರಾವ್ ಅವರು ೧೯೭೩ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿ, ೨೦೦೯ರಿಂದ ೨೦೧೧ರ ವರೆಗೆ ಭಾರತದ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. ಅವರು ಸೇರಿದ ಕಾಲದಲ್ಲಿ ಆ ಸೇವೆಯ ನಿಯಮವು ಹೇಗಿತ್ತೆಂಬುದನ್ನು ವಾಚಕರು ನೆನೆಯಬೇಕು. ಹೆಣ್ಣು ಅಧಿಕಾರಿಯು ಮದುವೆಗೆ ಮುಂಚೆ ಸರಕಾರದ ಅನುಮತಿಯನ್ನು ಪಡೆಯಬೇಕು; ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುವುದೆಂದು ಸರಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕು. ಗಂಡಸಿಗೆ ಈ ಕಟ್ಟಳೆಯಿರಲಿಲ್ಲ. ಅವನಿಗೆ ಸಂಸಾರವು ಅಡ್ಡಿಯಾಗುವುದೆಂಬ ಸಂಶಯವೇ ನಿಯಮಕರ್ತರಿಗೆ ಹುಟ್ಟಲಿಲ್ಲವೆಂದು ಕಾಣುತ್ತದೆ. ವಿದೇಶಾಂಗ ಸೇವೆಯ ಮೊದಲನೆಯ ಮಹಿಳೆ, ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು ಇದನ್ನು ನ್ಯಾಯಾಲಯಕ್ಕೊಯ್ದರು. ಕಾಲೇಜಿನಲ್ಲಿ ಅವರು ಓದಿದ್ದು ಮದರಾಸಿನ ಪ್ರೊಟೆಸ್ಟಂಟರ ಸಂಸ್ಥೆಯಲ್ಲಿಯಾದರೂ ಮಡಿಕೇರಿಯ ಸಂತ ಜೋಸೆಫರ ಕನ್ಯಾಶಾಲೆಯೇ ಅವರಿಗೆ ಮೊದಲು ಅಕ್ಷರವಿದ್ಯೆಯನ್ನು ಕೊಟ್ಟದ್ದು. ೧೯೭೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಈ ನಿಯಮಗಳ ತಾರತಮ್ಯವನ್ನು ಕಠಿಣವಾಗಿ ಖಂಡಿಸಿದರು. ಒಂದು ದೇಶದ ಸರಕಾರವೇ ಹೀಗೆ ಭಾವಿಸಿದ್ದಾಗ ಅತ್ತೆಮಾವಂದಿರನ್ನು ಮಾತ್ರ ಆಕ್ಷೇಪಿಸುವುದು ನ್ಯಾಯವಲ್ಲ.

ಆದರೆ ಪ್ರಕೃತ ಪ್ರಶ್ನೆಯು ಕಾರ್ಯದರ್ಶಿಗಳದಲ್ಲ, ಗೃಹಿಣಿಯರದು. ಅವರ ಪರವಾಗಿ ಸಾಮಾನ್ಯವಾಗಿ ಹೇಳುವ ಸಮಾಧಾನವೊಂದಿದೆ: ವಿದ್ಯಾವತಿಯಾದ ತಾಯಿಯಿಂದ ಮಕ್ಕಳು ವಿದ್ಯಾವಂತರಾಗುತ್ತಾರೆ, ಮನೆಯು ಬೆಳಗುತ್ತದೆ, ಆದಕಾರಣ ಅವಳ ಓದು ವ್ಯರ್ಥವಲ್ಲ ಎಂದು. ಮಾತು ಸುಳ್ಳಲ್ಲ, ಅದರಲ್ಲಿ ಗೌರವವೂ ಉಂಟು. ಆದರೂ ಅದು ಬಹಳ ಹಳೆಯ ಉಪಾಯ. ಬೃಹದಾರಣ್ಯಕದ ಕೊನೆಯ ಅಧ್ಯಾಯದಲ್ಲಿ, ಪಂಡಿತೆಯೂ ಪೂರ್ಣಾಯುಷಿಯೂ ಆದ ಮಗಳು ಹುಟ್ಟಬೇಕೆಂದು ಬಯಸುವ ದಂಪತಿಗಳು ತುಪ್ಪವನ್ನು ಬೆರೆಸಿದ ಎಳ್ಳನ್ನವನ್ನು ಉಣ್ಣಬೇಕೆಂಬ ವಿಧಿಯಿದೆ. ಶ್ರುತಿಯು ಇಷ್ಟು ಸ್ಪಷ್ಟವಾಗಿ ಪಾಂಡಿತ್ಯವನ್ನು ಹೇಳಿದಾಗ ಭಾಷ್ಯಕಾರರಾದ ಶಂಕರರು, ಆ ಪಾಂಡಿತ್ಯವು ಗೃಹಕೃತ್ಯದ ವಿಷಯದ್ದು ಮಾತ್ರ, ವೇದದಲ್ಲಿ ಅವಳಿಗೆ ಅಧಿಕಾರವಿಲ್ಲವಷ್ಟೆ ಎಂದು ಅರ್ಥವನ್ನು ಕುಗ್ಗಿಸಿದರು. ಆಚಾರ್ಯರಲ್ಲಿ ಎಷ್ಟೇ ಭಕ್ತಿಯಿದ್ದರೂ ಈ ಒಂದೆಡೆಯಲ್ಲಿ ಮೂಲವೇ ಭಾಷ್ಯಕ್ಕಿಂತ ಉದಾರವಾಗಿದೆಯೆಂದು ಒಪ್ಪದೆ ಗತ್ಯಂತರವಿಲ್ಲ. ಇಂದು ಗೃಹಿಣಿಯ ಪದವಿಯನ್ನು ಮಕ್ಕಳ ಅಂಕಪಟ್ಟಿಯಿಂದ ಅಳೆಯುವವರು ತಿಳಿಯದೆ ಆ ಭಾಷ್ಯವನ್ನೇ ಮುಂದುವರಿಸುತ್ತಿದ್ದಾರೆ. ಸಂಬಳದಿಂದ ಅಳೆಯುವವರೂ ಅಷ್ಟೆ.

ಹಾಗಾದರೆ ಆ ತೀರದ ಸಾಲದ ಗತಿಯೇನು? ಮನುಷ್ಯನು ಹುಟ್ಟುವಾಗಲೇ ದೇವಋಣ, ಪಿತೃಋಣ, ಋಷಿಋಣಗಳನ್ನು ಹೊತ್ತು ಬರುತ್ತಾನೆಂಬುದು ವೈದಿಕರ ಮತ. ಯಜ್ಞದಿಂದ ಮೊದಲನೆಯದೂ ಸಂತಾನದಿಂದ ಎರಡನೆಯದೂ ತೀರುತ್ತವೆ. ಋಷಿಋಣವು ತೀರುವುದು ಅಧ್ಯಯನದಿಂದಲೇ. ಹಣದಿಂದಲ್ಲ, ಪದವಿಯಿಂದಲೂ ಅಲ್ಲ. ಕೊಟ್ಟವರು ಮರಳಿ ಪಡೆಯಲಾರರು. ಕೊಟ್ಟದ್ದನ್ನು ಆರದಂತೆ ಇಟ್ಟುಕೊಳ್ಳುವುದೇ ಸಂದಾಯ. ಬೆಂದೂರಿನ ಸಂನ್ಯಾಸಿನಿಯ ಸಾಲಕ್ಕೂ ಈ ಲೆಕ್ಕವೇ ಸಲ್ಲುತ್ತದೆ. ಈ ದೃಷ್ಟಿಯಿಂದ ನೋಡಿದರೆ, ಇಪ್ಪತ್ತು ವರ್ಷ ಉದ್ಯೋಗದಲ್ಲಿದ್ದು ಒಂದು ಪುಸ್ತಕವನ್ನೂ ಬಿಚ್ಚದವಳು ಸಾಲಗಾತಿಯಾಗಿಯೇ ಉಳಿಯಬಹುದು. ಮಗುವನ್ನು ಮಲಗಿಸಿ ದೀಪದ ಬಳಿ ಹತ್ತು ಪುಟಗಳನ್ನೋದುವವಳು ದಿನವೂ ಕಂತನ್ನು ಕಟ್ಟುತ್ತಿರಬಹುದು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಮನೆಯಲ್ಲಿ ನೀರು ಸೇದಬೇಕು, ಅಡುಗೆಯಾಗಬೇಕು, ಮುದುಕರನ್ನು ನೋಡಿಕೊಳ್ಳಬೇಕು. ಇವುಗಳ ನಡುವೆ ಪ್ರಯೋಜನವಿಲ್ಲದ ಓದು ಬಿಡುವುಳ್ಳವರ ವಿಲಾಸವಲ್ಲವೆ ಎಂದು. ಈ ಆಕ್ಷೇಪವು ದುರ್ಬಲವಾದುದೇನಲ್ಲ. ಬಿಡುವಿಲ್ಲದವಳಿಗೆ ಸ್ವಾಧ್ಯಾಯವನ್ನು ಬೋಧಿಸುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ಆದರೆ ಗಂಡನು ಜಗಲಿಯಲ್ಲಿ ಕುಳಿತು ಪತ್ರಿಕೆಯನ್ನು ಓದುವ ಮುಕ್ಕಾಲು ಗಂಟೆಯನ್ನು ಯಾರೂ ವಿಲಾಸವೆನ್ನುವುದಿಲ್ಲವಲ್ಲ! ಬಿಡುವು ಮನೆಯಲ್ಲಿ ಇಲ್ಲದುದಲ್ಲ. ಅದು ಹಂಚಿಕೆಯಾಗಿರುವ ರೀತಿ ಅಂಥದು. ಹೆಂಡತಿಯ ಪುಸ್ತಕದ ಪೆಟ್ಟಿಗೆಯು ಮದುವೆಯ ವರ್ಷ ಅಟ್ಟಕ್ಕೇರಿ ಅಲ್ಲಿಯೇ ಗೆದ್ದಲು ಹಿಡಿದರೆ, ಆ ಋಣವು ಅವಳೊಬ್ಬಳದಾಗಿ ಉಳಿಯುವುದಿಲ್ಲ. ದಾಯಭಾಗದ ನ್ಯಾಯದಂತೆ ಮನೆಯವರೆಲ್ಲರಿಗೂ ಅದರಲ್ಲಿ ಪಾಲು ಬರುತ್ತದೆ.

ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ತಮ್ಮ ಕಾಲೇಜಿನಲ್ಲಿ ಕೂಡುವ ವಾಡಿಕೆಯಿದೆ. ವೈದ್ಯೆ, ವಕೀಲೆ, ಪ್ರಾಧ್ಯಾಪಿಕೆಯರು ಸಹಜವಾಗಿ ಮುಂದಿನ ಕುರ್ಚಿಗಳಿಗೆ ಬರುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತವಳನ್ನು ಯಾರಾದರೂ ‘ಈಗ ಏನು ಮಾಡುತ್ತಿದ್ದೀ?’ ಎಂದು ಕೇಳಿದರೆ, ‘ಏನೂ ಇಲ್ಲ, ಮನೆಯಲ್ಲಿಯೇ ಇದ್ದೇನೆ’ ಎಂದು ಕಣ್ಣು ತಗ್ಗಿಸುತ್ತಾಳೆ. ವಯಸ್ಸಾದ ಸಹೋದರಿಯರಲ್ಲಿ ಒಬ್ಬರು ಅವಳ ಬಳಿಗೆ ಬಂದು ಕೈಹಿಡಿದು, ‘ಈಗ ಏನು ಓದುತ್ತಿದ್ದೀ?’ ಎಂದು ಕೇಳಿದರೆಂದು ಊಹಿಸಬಹುದು. ಆಗ ಅವಳು ಕೊಡುವ ಉತ್ತರದಲ್ಲಿ ಅರ್ಧವನ್ನು ಅವಳು ಕೊಡಬಲ್ಲಳು. ಉಳಿದರ್ಧವನ್ನು ಆ ಸಂಜೆ ಅವಳು ಹಿಂದಿರುಗುವ ಮನೆಯು ಕೊಡಬೇಕಾಗಿದೆ.