ಹಸಿದ ಮಗುವಿಗೂ ಹಂಬಲವಿದೆ

‘ಬಡವರ ಮಕ್ಕಳಿಗೆ ಮೊದಲು ಹೊಟ್ಟೆ ತುಂಬಲಿ; ಆಸೆ, ಆಸಕ್ತಿಯೆಲ್ಲ ಆಮೇಲೆ.’ ಈ ಮಾತನ್ನು ನಾವು ಕರುಣೆಯಿಂದಲೇ ಆಡುತ್ತೇವೆ. ಅದರ ಬೆನ್ನಿಗೆ ಒಂದು ಸಿದ್ಧಾಂತವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೋ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಸಾಲಾಗಿ ಜೋಡಿಸಿದರು: ಅನ್ನ, ಸುರಕ್ಷತೆ, ಪ್ರೀತಿ, ಗೌರವ, ಕೊನೆಗೆ ತನ್ನೊಳಗಿನ ಶಕ್ತಿ ಅರಳುವುದು. ಬಿ.ಇಡಿ. ಓದುವವರು ಇದನ್ನು ಪಿರಮಿಡ್ಡಿನ ಚಿತ್ರವಾಗಿ ಬರೆದು ಕಲಿಯುತ್ತಾರೆ. ಆ ಚಿತ್ರ ಬರೆದವರು ಮಾಸ್ಲೋ ಅಲ್ಲ, ಆಮೇಲೆ ಬಂದವರು. ಒಂದು ಅಗತ್ಯ ಪೂರ್ತಿ ತೀರುವ ಮುಂಚೆಯೇ ಇನ್ನೊಂದು ತಲೆಯೆತ್ತುತ್ತದೆ ಎಂದು ಮಾಸ್ಲೋ ಅವರೇ ಹೇಳಿದ್ದರು. ಚಿತ್ರ ನಮ್ಮಲ್ಲಿ ಉಳಿಯಿತು, ಮಾತು ಮರೆತುಹೋಯಿತು.

ಗುಂಡ್ಲುಪೇಟೆ ಸೀಮೆಯ ಸರ್ಕಾರಿ ಶಾಲೆಯೊಂದರ ಬಿಸಿಯೂಟದ ಹೊತ್ತನ್ನು ನೆನೆಯಿರಿ. ತಟ್ಟೆಗೆ ಅನ್ನ ಬೀಳುವಷ್ಟರಲ್ಲಿ ಒಬ್ಬಳು ಗೆಳತಿಗೆ ಪಕ್ಕದಲ್ಲಿ ಜಾಗ ಹಿಡಿದಿರುತ್ತಾಳೆ. ಇನ್ನೊಬ್ಬ ಬೆಳಿಗ್ಗೆ ಬಾರದ ಲೆಕ್ಕವನ್ನು ಬೆರಳಲ್ಲೇ ಎಣಿಸುತ್ತಿರುತ್ತಾನೆ. ಅನ್ನ, ಗೆಳೆತನ, ಕಲಿಯುವ ಹಂಬಲ ಮೂರೂ ಒಂದೇ ಪಂಕ್ತಿಯಲ್ಲಿ ಕೂತಿರುತ್ತವೆ.

ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಇದನ್ನು ಅರಿತಿತ್ತು. ಅಲ್ಲಿ ಮಗು ಕಲಿಕಾ ಏಣಿ ನೋಡಿ ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ. ಮೊದಲು ಶಿಕ್ಷಕರ ಬೆಂಬಲದಲ್ಲಿ, ಆಮೇಲೆ ಸಹಪಾಠಿಗಳ ಜೊತೆ, ಕೊನೆಗೆ ತಾನಾಗಿ ಕಲಿಯುತ್ತದೆ. ಅವ್ವ ಚೆಂಡುಹೂ ಕೊಯ್ಯಲು ಹೋದಾಗ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲುಳಿದ ಹುಡುಗಿ, ನಾಲ್ಕು ದಿನ ಬಿಟ್ಟು ಬಂದರೂ ನಿಲ್ಲಿಸಿದ ಕಾರ್ಡಿನಿಂದಲೇ ಮುಂದುವರಿಯಬಹುದು. ಹಿಂದೆ ಬಿದ್ದೆನೆಂದು ತಲೆ ತಗ್ಗಿಸಬೇಕಿಲ್ಲ. ತನ್ನಿಚ್ಛೆ, ತನಗೆ ಬರುತ್ತದೆಂಬ ಧೈರ್ಯ, ತನ್ನವರೆಂಬ ನಂಟು: ಮನುಷ್ಯನನ್ನು ಒಳಗಿನಿಂದ ನಡೆಸುವುದು ಈ ಮೂರು ಎಂದು ಮಾಸ್ಲೋ ನಂತರದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಹೇಳಿದರು. ಮೂರಕ್ಕೂ ಆ ಕಾರ್ಡಿನಲ್ಲಿ ಜಾಗವಿದೆ.

ಬಿಳಿಗಿರಿರಂಗನ ಬೆಟ್ಟದಲ್ಲೂ ಒಂದು ಅಗತ್ಯ ಇನ್ನೊಂದರ ಸರದಿಗೆ ಕಾಯಲಿಲ್ಲ. ಅಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಬುಡಕಟ್ಟಿನವರಿಗೆ ಆಸ್ಪತ್ರೆ ನಡೆಸಿತು, ಅವರ ಮಕ್ಕಳಿಗೆ ಶಾಲೆಯನ್ನೂ ನಡೆಸಿತು. ರೋಗ ಪೂರ್ತಿ ವಾಸಿಯಾಗಲಿ, ಅಕ್ಷರ ಆಮೇಲೆ ಎಂದು ಕಾದು ಕೂತಿದ್ದರೆ ಒಂದು ತಲೆಮಾರೇ ಅಕ್ಷರವಿಲ್ಲದೆ ಬೆಳೆದುಬಿಡುತ್ತಿತ್ತು.

ಅನ್ನ ಮೊದಲು ಎಂಬುದು ನಿಜ. ಆದರೆ ಅನ್ನ ಮಾತ್ರ ಮೊದಲು ಎಂದರೆ, ಬಡ ಮಗುವಿನ ಕನಸಿಗೆ ನಾವೇ ಬಾಗಿಲು ಹಾಕಿದಂತೆ. ಬಡಿಸುವ ಕೈಯೇ ಒಂದು ಮಾತು ಕೇಳಲಿ: ‘ಏನ್ ಕಲಿಬೇಕು ಅಂತ ಆಸ ನಿಂಗ, ಕೂಸು?’ ಉತ್ತರ ತಡವಾಗಬಹುದು, ಕೇಳುವುದು ತಡವಾಗಬಾರದು.