ಕತ್ತಲಲ್ಲಿ ಕೈಗೆ ಸಿಗುವ ಮರ

ಅಜ್ಜಂಪುರ ಸೀಮೆಯ ಅಂತರಘಟ್ಟೆಯಲ್ಲಿ ದುರ್ಗಾಂಬೆಯ ಜಾತ್ರೆ ಬಂತೆಂದರೆ ಸುತ್ತಲ ತಾಲ್ಲೂಕುಗಳಿಂದ ಪಾನಕದ ಗಾಡಿಗಳು ಓಡಿಬರುತ್ತವೆ. ಸಿಂಗರಿಸಿದ ಎತ್ತು, ಗೆಜ್ಜೆ, ಧೂಳು. ಹೋಗುವಾಗ ಅಮ್ಮನಿಗೆ ಪಾನಕ, ಬರುವಾಗ ಮನೆಗೆ ಪ್ರಸಾದ. ದೂರದ ಜಾಗವೊಂದಕ್ಕೆ ಏನನ್ನಾದರೂ ಒಯ್ದು, ಏನನ್ನಾದರೂ ತರುವ ಆಸೆ ಮನುಷ್ಯನಿಗೆ ಹಳೆಯದು.

ಅದೇ ಆಸೆಯ ಹೊಸ ರೂಪ ಜಿಯೋಕ್ಯಾಶಿಂಗ್, ಜಿಪಿಎಸ್ ಹಿಡಿದು ಅಡಗಿಸಿಟ್ಟ ವಸ್ತು ಹುಡುಕುವ ಆಟ. 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ, ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಆರೆಗನ್ ರಾಜ್ಯದಲ್ಲಿ ಒಂದು ಬಕೆಟ್ ಅಡಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿದ. ಹುಡುಕಿದವರು ಒಂದು ವಸ್ತು ತೆಗೆದರೆ ಅಷ್ಟೇ ಬೆಲೆಯದನ್ನು ಇಡಬೇಕು, ಪುಸ್ತಕದಲ್ಲಿ ಹೆಸರು ಬರೆಯಬೇಕು, ಮೊದಲಿದ್ದಂತೆಯೇ ಮುಚ್ಚಿಡಬೇಕು. ಒಳ್ಳೆಯ ನಿಯಮಗಳೇ.

ತೆರೆದ ಬಯಲಿನಲ್ಲಿ ಫೋನು ಸುಮಾರು 5 ಮೀಟರ್ ಹತ್ತಿರಕ್ಕೆ ತಂದು ಬಿಡುತ್ತದೆ. ಮರಗಳು ದಟ್ಟವಾದಲ್ಲಿ ಸಂಕೇತ ಚದುರಿ ಬಾಣ ಅತ್ತಿತ್ತ ಅಲೆಯತೊಡಗುತ್ತದೆ. ಅಲ್ಲಿಂದ ಮುಂದೆ ಕಣ್ಣು, ಕೈ, ಮರದ ಪರಿಚಯ.

ಈ ಕೊನೆಯ ಐದು ಮೀಟರ್‌ಗಳ ವಿದ್ಯೆ ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತು. ಆಟಿ ಅಮಾವಾಸ್ಯೆಯಂದು ತುಳುನಾಡಿನ ಮನೆಗಳಲ್ಲಿ ಹಾಲೆ ಮರದ, ಅಂದರೆ ತುಳುವಿನ ಪಾಲೆಯ, ತೊಗಟೆಯ ಕಷಾಯ ಕುಡಿಯುತ್ತಾರೆ. ಹಿಂದಿನ ದಿನವೇ ಮರ ಗುರುತಿಸಿಟ್ಟು ಬರುವುದು ರೂಢಿ. ಮರುದಿನ ಸೂರ್ಯ ಹುಟ್ಟುವ ಮೊದಲೇ ಹೊರಡಬೇಕು. ಕತ್ತಿ ಮುಟ್ಟಿಸುವಂತಿಲ್ಲ; ಕಲ್ಲಿನಿಂದ ಜಜ್ಜಿದಾಗ ಬಿಳಿ ಹಾಲು ಒಸರುತ್ತದೆ, ತೊಗಟೆ ಬಿಡುತ್ತದೆ. ಆ ಕತ್ತಲಲ್ಲಿ ಪಕ್ಕದ ಕಾಸರಕವೆಂಬ ವಿಷದ ಮರದ ತೊಗಟೆ ಕೈಗೆ ಬಂದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಇಲ್ಲಿ ಭಕ್ತಿಯೂ ಸಸ್ಯಜ್ಞಾನವೂ ಬೇರೆಬೇರೆಯಾಗಿ ಉಳಿಯುವುದಿಲ್ಲ. ಮರವನ್ನು ತಿಳಿಯದವನ ಶ್ರದ್ಧೆ ಅವನನ್ನು ಕಾಯಲಾರದು.

ನಾಗನಿಗೆ ಬಿಟ್ಟ ಮರಗಳ ತೋಪಾದ ನಾಗಬನದ ಕಟ್ಟಳೆ ಇನ್ನೂ ಕಟ್ಟುನಿಟ್ಟು. ಒಣಕಡ್ಡಿಯನ್ನೂ ಹೆಕ್ಕಬಾರದೆಂದು ಹಿರಿಯರು ಗದರುತ್ತಿದ್ದರು. ಸುರಹೊನ್ನೆ, ರೆಂಜೆ, ಅವುಗಳನ್ನು ಹೆಣೆದ ಬಳ್ಳಿಗಳು. ಕೆಳಗೆ ಅರಿಶಿನ ಮೆತ್ತಿದ ಕಲ್ಲು. ಒಣಗಿದ ಮೇಲೂ ಪರಿಮಳ ಬಿಡದ ರೆಂಜೆಯ ಪುಟ್ಟ ಹೂಗಳು ಕಲ್ಲಿನ ಹೆಡೆಯ ಮೇಲೇ ಉದುರಿರುತ್ತವೆ. ಪೂಜೆ ಮಾಡುವವರು ವರ್ಷಕ್ಕೊಮ್ಮೆ ಬಂದರೂ ಮರ ತನ್ನ ಪಾಡಿಗೆ ಅರ್ಚಿಸುತ್ತಲೇ ಇರುತ್ತದೆ.

ಹಾಗಾದರೆ ದೈವ ನೆಲೆಸಿರುವುದು ಕಲ್ಲಿನಲ್ಲೋ, ಮರದಲ್ಲೋ, ಆ ಜಾಗದಲ್ಲೋ? ಬರೀ ಪಂಡಿತರ ಪ್ರಶ್ನೆಯಾಗಿದ್ದರೆ ಬಿಡಬಹುದಿತ್ತು. ಕಳೆದ ಕೆಲವು ದಶಕಗಳಲ್ಲಿ ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಬನಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಮರ ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಸುತ್ತ ಗೋಡೆ ಎಬ್ಬಿಸಿದ್ದಾರೆ. ಮಾಡಿದವರ ಭಕ್ತಿ ಸುಳ್ಳಲ್ಲ, ಖರ್ಚೂ ಸಣ್ಣದಲ್ಲ. ಆದರೆ ಬನವೆಂಬ ಮಾತಿಗೆ ಅಲ್ಲೀಗ ಏನು ಅರ್ಥ ಉಳಿಯಿತು?

ಅಂಥ ಕಟ್ಟೆಯ ಮುಂದೆ ನಿಂತರೆ ಫೋನಿನ ಬಾಣ ಅಲೆಯುವುದಿಲ್ಲ. ಅಕ್ಷಾಂಶ ರೇಖಾಂಶ ಹಿಂದಿನವೇ. ನಾಗನ ಕಲ್ಲಿನ ಮೇಲೆ ನೆತ್ತಿಯ ಬಿಸಿಲು, ಗುಡಿಸಿ ತೊಳೆದ ನೆಲ. ರೆಂಜೆಯ ಒಂದು ಹೂವೂ ಬಿದ್ದಿಲ್ಲ.