ವ್ರತವೂ ಔಷಧವೂ

ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇರಿಸಲ್ಪಟ್ಟ ಶ್ರಾವಕನು ದಶಲಕ್ಷಣ ಪರ್ವದ ಹತ್ತು ದಿನವೂ ಉಪವಾಸವಿದ್ದು ಆಸ್ಪಿರಿನ್ ಮಾತ್ರೆಯನ್ನೂ ತೊರೆದರೆ, ಅದು ತ್ಯಾಗವೆನಿಸುವುದೇ?

ರಕ್ತದ ಪ್ಲೇಟ್‌ಲೆಟ್ ಕಣಗಳು ಕೂಡಿಕೊಂಡು ಹೆಪ್ಪುಗಟ್ಟದಂತೆ ಆಸ್ಪಿರಿನ್ ತಡೆಯುತ್ತದೆ. ಆ ಕಣಗಳ ಆಯುಸ್ಸು 7ರಿಂದ 10 ದಿನ. ಪರ್ವ ಮುಗಿಯುವಷ್ಟರಲ್ಲಿ ಔಷಧ ಸೋಂಕದ ಹೊಸ ಕಣಗಳೇ ರಕ್ತವನ್ನು ತುಂಬಿ, ಸ್ಟೆಂಟಿನಲ್ಲಿ ಹೆಪ್ಪುಗಟ್ಟುವ ಭಯವುಂಟು.

ಮಾತ್ರೆಯನ್ನು ಬಿಡದಿರುವುದು ದೇಹಮೋಹವಲ್ಲವೇ ಎಂಬ ಶಂಕೆ ಏಳಬಹುದು. ಆದರೆ ಅಪಾಯವನ್ನು ಅರಿತೂ ಅಲಕ್ಷಿಸುವುದು ವೈರಾಗ್ಯವಲ್ಲ, ಪ್ರಮಾದ. ಪ್ರಮಾದವೇ ಹಿಂಸೆಯ ಮೂಲ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣವಿರುವುದು ನಿರರ್ಥಕವಲ್ಲ.

ಹಿಡಿದ ವ್ರತವನ್ನು ಮುರಿಯುವುದೂ ದೋಷವೇ. ಆದಕಾರಣ ನಿಯಮ ಸ್ವೀಕರಿಸುವ ಮೊದಲೇ ವೈದ್ಯರನ್ನು ವಿಚಾರಿಸಿ, ಏಕಭುಕ್ತವನ್ನು ಆರಿಸಿಕೊಂಡು, ಆ ಹೊತ್ತಿನಲ್ಲೇ ಮಾತ್ರೆಯನ್ನು ಸೇವಿಸಬಹುದು. ರಕ್ತದೊತ್ತಡವುಳ್ಳವರಿಗೆ ವೈದ್ಯರು ಒಪ್ಪಿದಷ್ಟು ಲವಣತ್ಯಾಗವೂ ತಪಸ್ಸೇ.